ಡೆಕ್‌ಗೆ ಸ್ಟೇನ್ ಹೊಡೆಸಬೇಕು, ಕೆಲಸ ಯಾರಿಗೆ ಕೊಡಲಿ?

ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯ ಕಾಪುವಿನಲ್ಲಿ, ಸಮುದ್ರದಿಂದ ಸುಮಾರು ಅರ್ಧ ಕಿಲೋಮೀಟರ್ ಒಳಗೆ. ಮನೆಯ ಪಶ್ಚಿಮ ಬದಿಯಲ್ಲಿ 320 ಚದರ ಅಡಿಯ ಮರದ ಡೆಕ್, ಅಂದರೆ ಹಲಗೆ ಹಾಸಿದ ತೆರೆದ ಜಗಲಿ ಇದೆ. ನಾಲ್ಕು ವರ್ಷದ ಹಿಂದೆ ಮಾಡಿಸಿದ್ದು. ಹಲಗೆ ಸಾಗುವಾನಿ ಅಂತ ಆಚಾರಿ ಹೇಳಿದ್ದರು. ಆಗ ಒಳ್ಳೆ ಹೊಳಪು ಬರುವ ಪಾಲಿಶ್ ಹೊಡೆಸಿದ್ದೆವು. ಈಗ ಅದು ಅಲ್ಲಲ್ಲಿ ಎದ್ದು ಹೋಗಿದೆ, ಉಳಿದ ಕಡೆ ಮರ ಬೂದು ಬಣ್ಣಕ್ಕೆ ತಿರುಗಿದೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಇಬ್ಬರು ಕಾಂಟ್ರಾಕ್ಟರ್‌ಗಳನ್ನು ಕರೆಸಿದೆ. ಒಬ್ಬರು ಚದರ ಅಡಿಗೆ 40 ರೂಪಾಯಿ, ಎರಡು ದಿನದಲ್ಲಿ ಮುಗಿಸಿ ಕೊಡ್ತೇನೆ, ಮೊದಲಿನ ಹಾಗೇ ಹೊಳಪು ಬರುತ್ತದೆ, ಐದು ವರ್ಷ ಗ್ಯಾರಂಟಿ ಅಂದರು. ಇನ್ನೊಬ್ಬರು 115 ರೂಪಾಯಿ, ಹತ್ತು ದಿನ ಬೇಕು, ಹೊಳಪು ಬರುವುದಿಲ್ಲ, ಗ್ಯಾರಂಟಿ ಕೊಡುವುದಿಲ್ಲ ಅಂದರು. ಇಷ್ಟೊಂದು ವ್ಯತ್ಯಾಸ ಯಾಕೆ? ಯಾರಿಗೆ ಕೊಡಲಿ? ಅಡ್ವಾನ್ಸ್ ಎಷ್ಟು ಕೊಡಬಹುದು? ಹಳೆ ಪಾಲಿಶ್ ಅರ್ಧ ಡಬ್ಬಿ ಉಳಿದಿದೆ, ಅದನ್ನು ಬಳಸಬಹುದಾ?

ಉತ್ತರ: ನೇರವಾಗಿ ಹೇಳುತ್ತೇನೆ. ಮೊದಲನೆಯವರಿಗೆ ಈ ಕೆಲಸ ಕೊಡಬೇಡಿ. ಎರಡನೆಯವರಿಗೂ ಇವತ್ತೇ ಹೂಂ ಅನ್ನಬೇಡಿ, ಆದರೆ ಮಾತು ಮುಂದುವರಿಸಬೇಕಾದದ್ದು ಅವರ ಜೊತೆಗೇ. ಉಳಿದ ಅರ್ಧ ಡಬ್ಬಿಯನ್ನು ಡೆಕ್ ಹತ್ತಿರವೂ ತರಬೇಡಿ. ಈಗ ಎದ್ದು ಹೋಗುತ್ತಿರುವುದು ಅದೇ ಅಲ್ವಾ?

ಹೊಳಪು ಬರುವುದಿಲ್ಲ ಅಂತ ಎರಡನೆಯವರು ಹೇಳಿದ್ದು ಕೇಳಿ ನಿಮಗೆ ಬೇಜಾರಾಗಿರಬಹುದು. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಆ ಮಾತಿನಿಂದ. ನಮ್ಮ ಊರಿನ ಪಾಲಿಶ್ ಕೆಲಸದವರಲ್ಲಿ ಬಹಳ ಮಂದಿ ಕೈ ಪಳಗಿಸಿಕೊಂಡಿರುವುದು ಬಾಗಿಲು, ಕಿಟಕಿ, ಮಂಚ, ದೇವರ ಕೋಣೆಯ ಮಂಟಪದ ಮೇಲೆ. ಅಲ್ಲಿ ಮೆಲಮೈನ್, ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆದರೆ ಕನ್ನಡಿ ಥರ ಬರುತ್ತದೆ, ವರ್ಷಗಟ್ಟಲೆ ನಿಲ್ಲುತ್ತದೆ. ಅದರಲ್ಲಿ ಅವರ ಕೈ ನಿಜಕ್ಕೂ ಒಳ್ಳೆಯದು. ಆದರೆ ಆಕಾಶಕ್ಕೆ ಮುಖ ಮಾಡಿ ಮಲಗಿರುವ ಹಲಗೆ ಬೇರೆಯೇ ವಿಷಯ. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬಾಗಿಲಿಗೆ ಬಿದ್ದ ನೀರು ಇಳಿದು ಹೋಗುತ್ತದೆ. ಡೆಕ್ ಮೇಲೆ ಬಿದ್ದದ್ದು ಅಲ್ಲೇ ನಿಲ್ಲುತ್ತದೆ, ಹಲಗೆ ಸಂದಿನಲ್ಲಿ ಇಳಿಯುತ್ತದೆ, ಕೆಳಗಿನ ಮಣ್ಣಿನ ತೇವ ಬೇರೆ ಅಡಿಯಿಂದ ಮೇಲಕ್ಕೆ ಏರುತ್ತದೆ.

ಪಿಯು, ವಾರ್ನಿಶ್, ಈ ಥರದವೆಲ್ಲ ಮರದ ಮೇಲೆ ಒಂದು ಪದರ ಕಟ್ಟುತ್ತವೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಪದರ ಅಷ್ಟು ಹಿಗ್ಗಿ ಕುಗ್ಗಲಾರದು, ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಬಿಸಿಲು ಬಂದಾಗ ಆ ತೇವ ಆವಿಯಾಗಿ ಪದರವನ್ನು ಕೆಳಗಿನಿಂದ ದೂಡುತ್ತದೆ. ಆಮೇಲೆ ಅದು ಹಪ್ಪಳದ ಹಾಗೆ ಏಳುತ್ತದೆ. ನಿಮ್ಮ ಡೆಕ್‌ನಲ್ಲಿ ಆಗಿರುವುದು ಇದೇ. ಇದಕ್ಕೆ ಪಾಲಿಶ್‌ನ ಕಂಪನಿಯನ್ನು ದೂರಿ ಪ್ರಯೋಜನ ಇಲ್ಲ, ಆ ಜಾಗಕ್ಕೆ ಆ ಜಾತಿಯ ವಸ್ತುವೇ ಹೊಂದುವುದಿಲ್ಲ.

ಡೆಕ್‌ಗೆ ಬೇಕಾದದ್ದು ಮರದ ಒಳಗೆ ಇಳಿಯುವ ಎಣ್ಣೆ ಸ್ಟೇನ್. ಅದು ನಾರಿನ ಒಳಗೆ ಕೂರುತ್ತದೆ, ಮೇಲೆ ಪದರ ಕಟ್ಟುವುದಿಲ್ಲ. ಪದರವೇ ಇಲ್ಲದಿದ್ದರೆ ಏಳುವುದಾದರೂ ಏನು? ಅದು ಮಾಸುತ್ತದೆ, ನಿಜ. ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಒಂದು ಕೈ ಹೊಡೆಯಬೇಕಾಗುತ್ತದೆ. ಆದರೆ ಆಗ ತೊಳೆದು, ಒಣಗಿಸಿ, ಮೇಲಿಂದ ಬಳಿದರೆ ಮುಗಿಯಿತು. ಪಿಯು ಎದ್ದರೆ ಹಾಗಲ್ಲ, ಎಲ್ಲವನ್ನೂ ಕೆರೆದು ತೆಗೆಯಲೇಬೇಕು, ಅದಕ್ಕೇ ಅರ್ಧ ದುಡ್ಡು ಹೋಗುತ್ತದೆ. ಈ ಸಲ ನಿಮಗೆ ಹಾಗೆಯೇ ಆಗುತ್ತದೆ, ತಪ್ಪಿಸಲು ಆಗುವುದಿಲ್ಲ. 40 ರೂಪಾಯಿಯಲ್ಲಿ ಇಲ್ಲದ್ದು, 115ರಲ್ಲಿ ಇರಬೇಕಾದದ್ದು ಈ ಕೆರೆಯುವ ಕೆಲಸ. ನಿಮ್ಮ ಲೆಕ್ಕದಲ್ಲಿ ಒಂದು 12,800 ರೂಪಾಯಿ, ಇನ್ನೊಂದು 36,800. ನಡುವಿನ 24,000 ಹೋಗುವುದು ಬಣ್ಣಕ್ಕಲ್ಲ, ಕೂಲಿಗೆ ಮತ್ತು ಕಾಯುವ ದಿನಗಳಿಗೆ. ಆ ಕೂಲಿ ನಿಜವಾಗಿ ಡೆಕ್ ಮೇಲೆ ಬೀಳುತ್ತದಾ ಅಂತ ನೋಡಿಕೊಳ್ಳುವುದೇ ನಿಮ್ಮ ಕೆಲಸ.

ಮೊದಲು ಮರವನ್ನು ನೀವೇ ಒಮ್ಮೆ ನೋಡಿ. ಯಾರನ್ನೂ ಕರೆಯುವುದು ಬೇಡ. ಒಂದು ಸ್ಕ್ರೂಡ್ರೈವರ್ ಹಿಡಿದುಕೊಂಡು ಹಲಗೆಗಳ ತುದಿಯಲ್ಲಿ, ಮೊಳೆ ಹೊಡೆದ ಜಾಗದಲ್ಲಿ, ಹೂಕುಂಡ ಇಟ್ಟಿದ್ದ ಜಾಗದಲ್ಲಿ ಒತ್ತಿ ನೋಡಿ. ಗಟ್ಟಿ ಮರವಾದರೆ ಮೊನೆ ಒಳಗೆ ಹೋಗುವುದಿಲ್ಲ. ಮೆತ್ತಗೆ ಇಳಿದರೆ, ನಾರು ಉದ್ದಕ್ಕೆ ಎದ್ದು ಬರದೆ ತುಂಡು ತುಂಡಾಗಿ ಮುರಿದರೆ, ಅಲ್ಲಿ ಕೊಳೆತಿದೆ. ತುದಿಯನ್ನೇ ಯಾಕೆ ನೋಡಬೇಕು ಅಂದರೆ, ಕುಯ್ದ ತುದಿಯಲ್ಲಿ ಮರದ ನೀರೆಳೆಯುವ ನಾಳಗಳ ಬಾಯಿ ತೆರೆದಿರುತ್ತದೆ, ಹಲಗೆಯ ಮೈಗಿಂತ ಎಷ್ಟೋ ಜಾಸ್ತಿ ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಡೆಕ್ ಅಡಿಗೆ ಟಾರ್ಚ್ ಬಿಟ್ಟು ಕೆಳಗಿನ ಅಡ್ಡಮರಗಳನ್ನೂ ನೋಡಿ. ಗೆದ್ದಲಿನ ಮಣ್ಣಿನ ಗೆರೆ ಇದೆಯಾ, ಅಲ್ಲಿ ಎಲೆ, ಕಸ ತುಂಬಿ ಗಾಳಿ ಆಡದ ಹಾಗೆ ಆಗಿದೆಯಾ ನೋಡಿ.

ಸಾಗುವಾನಿ ಅಂದ ಮಾತ್ರಕ್ಕೆ ನಿಶ್ಚಿಂತೆಯಾಗಿ ಇರಬೇಡಿ. ಸಾಗುವಾನಿಯ ಬಾಳಿಕೆ ಇರುವುದು ಅದರ ಚೇಗಿನಲ್ಲಿ, ಒಳಗಿನ ಕಂದು ಭಾಗದಲ್ಲಿ. ಹೊರಗಿನ ಬಿಳಿ ಭಾಗಕ್ಕೆ ಆ ಗುಣ ಇಲ್ಲ. ಈಗ ಸಿಗುವ ತೋಟದ ಎಳೆ ಸಾಗುವಾನಿಯಲ್ಲಿ ಬಿಳಿ ಭಾಗ ಜಾಸ್ತಿ. ಹಳೆ ಮನೆಗಳಲ್ಲಿ ಕಿರಾಲುಬೋಗಿ, ಹಲಸು, ಹೆಬ್ಬಲಸು ಹಾಕಿದ್ದು ಇವತ್ತಿಗೂ ಗಟ್ಟಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅವು ಒಳ್ಳೆ ಮರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಮಾಡಿನ ಅಡಿಯಲ್ಲಿ, ಮಳೆ ನೇರ ಬೀಳದ ಹಾಗೆ ಇದ್ದವು. ಡೆಕ್‌ಗೆ ಆ ಭಾಗ್ಯ ಇಲ್ಲ.

ಕೊಳೆತ ಹಲಗೆ ಸಿಕ್ಕಿದರೆ ಪೈಂಟರ್‌ಗಿಂತ ಮೊದಲು ಆಚಾರಿಯನ್ನು ಕರೆಸಿ ಬದಲಿಸಿ. ಸ್ಟೇನ್ ಕೊಳೆತದ್ದನ್ನು ಸರಿ ಮಾಡುವುದಿಲ್ಲ, ಸುಮ್ನೆ ಮುಚ್ಚುತ್ತದೆ. ಅದೇ ಸಮಯದಲ್ಲಿ ತುಕ್ಕು ಹಿಡಿದ ಮೊಳೆ, ಸ್ಕ್ರೂಗಳನ್ನೂ ತೆಗೆಸಿ. ಸಾಗುವಾನಿಯಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಇದೆ, ಅದು ಕಬ್ಬಿಣದ ತುಕ್ಕಿಗೆ ಸೇರಿದರೆ ಮೊಳೆ ಸುತ್ತ ಕಪ್ಪು ಕಲೆ ಬರುತ್ತದೆ. ಸಮುದ್ರದ ಉಪ್ಪುಗಾಳಿಗೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಸ್ಕ್ರೂ ಬಹಳ ದಿನ ತಾಳುವುದಿಲ್ಲ. ನಿಮ್ಮಷ್ಟು ಹತ್ತಿರದಲ್ಲಿ ಇರುವವರು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತರಿಸಿ. ಸಾಮಾನ್ಯವಾಗಿ ಸಿಗುವ 304 ಕೂಡ ಉಪ್ಪಿಗೆ ಕಲೆ ಹಿಡಿಯುತ್ತದೆ.

ಇನ್ನು ಕೆಲಸ ಹೇಗೆ ನಡೆಯಬೇಕು ಅನ್ನುವುದು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಯಾಕಂದರೆ ಇದು ಗೊತ್ತಿದ್ದರೆ ಕಾಂಟ್ರಾಕ್ಟರ್ ಹೇಳುವ ಮಾತಿನಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ನಿಮಗೇ ತಿಳಿಯುತ್ತದೆ.

ಹಳೆ ಪಾಲಿಶ್ ಪೂರ್ತಿ ಹೋಗಬೇಕು. ಎದ್ದ ಕಡೆ ಮಾತ್ರ ಉಜ್ಜಿ, ಗಟ್ಟಿ ಇರುವ ಕಡೆ ಹಾಗೇ ಬಿಟ್ಟು ಸ್ಟೇನ್ ಹೊಡೆದರೆ ಅಲ್ಲಿ ಎಣ್ಣೆ ಒಳಗೆ ಇಳಿಯುವುದಿಲ್ಲ, ಅಂಟಂಟಾಗಿ ಕೂರುತ್ತದೆ, ಡೆಕ್ ಎರಡು ಬಣ್ಣ ಆಗುತ್ತದೆ. ಪೈಂಟ್ ರಿಮೂವರ್ ಹಾಕಿ ಕೆರೆಯುತ್ತಾರಾ, ಮೆಷಿನ್‌ನಲ್ಲಿ ಉಜ್ಜುತ್ತಾರಾ ಅದು ಅವರ ರೂಢಿ. ಎರಡೂ ನಡೆಯುತ್ತದೆ. ಕಬ್ಬಿಣದ ತಂತಿ ಬ್ರಷ್, ಸ್ಟೀಲ್ ವುಲ್ ಮಾತ್ರ ಬೇಡ ಅಂತ ಹೇಳಿ. ಅದರ ಚೂರುಗಳು ಮರದಲ್ಲಿ ಸಿಕ್ಕಿಕೊಂಡು ಮೊದಲ ಮಳೆಗೇ ಸಾವಿರ ಕಪ್ಪು ಚುಕ್ಕಿ ಆಗುತ್ತವೆ.

ಆಮೇಲೆ ತೊಳೆಯುವುದು. ಕಾರು ತೊಳೆಯುವ ಪ್ರೆಷರ್ ಮೆಷಿನ್ ತಂದರೆ ಹತ್ತಿರ ನಿಂತು ನೋಡಿ. ನೀರು ಅಗಲವಾಗಿ ಹರಡುವ ನಾಝಲ್ ಇರಬೇಕು, ಹಲಗೆಯಿಂದ ಕನಿಷ್ಠ ಒಂದು ಅಡಿ ದೂರ ಇರಬೇಕು, ನಾರಿನ ಉದ್ದಕ್ಕೇ ಹೋಗಬೇಕು. ಹತ್ತಿರ ಹಿಡಿದು ಚಕಚಕ ಅಂತ ಹೊಡೆದರೆ ಪಾಚಿ ಬೇಗ ಹೋಗುತ್ತದೆ, ಅದರ ಜೊತೆ ಮರದ ಮೆದು ನಾರೂ ಕಿತ್ತು ಹೋಗಿ ಮೇಲ್ಮೈ ಗೀರು ಗೀರಾಗುತ್ತದೆ. ನನ್ನನ್ನು ಕೇಳಿದರೆ ಸೋಡಿಯಂ ಪರ್‌ಕಾರ್ಬೊನೇಟ್, ಅಂದರೆ ಆಕ್ಸಿಜನ್ ಬ್ಲೀಚ್ ಅಂತ ಸಿಗುವ ಪುಡಿಯನ್ನು ನೀರಿನಲ್ಲಿ ಕಲಸಿ, ಹಾಕಿ, ಕಾಲು ಗಂಟೆ ಬಿಟ್ಟು ನೈಲಾನ್ ಬ್ರಷ್‌ನಲ್ಲಿ ಉಜ್ಜಿದರೆ ಸಾಕು.

ಮರ ಬೂದು ಆಗುವುದು ಕೊಳೆಯಿಂದ ಮಾತ್ರ ಅಲ್ಲ. ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಟು ಬಿಸಿಲಿಗೆ ಹಾಳಾಗುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಸತ್ತ ನಾರು ಮೇಲೆ ಉಳಿಯುತ್ತದೆ. ಆ ಸತ್ತ ನಾರಿನ ಮೇಲೆ ಎಷ್ಟು ದುಬಾರಿ ಸ್ಟೇನ್ ಹೊಡೆದರೂ ಅದು ಹಿಡಿದುಕೊಳ್ಳುವುದು ಸತ್ತದ್ದನ್ನೇ, ಅದರ ಜೊತೆಗೇ ಉದುರುತ್ತದೆ. ಆದ್ದರಿಂದ ಬೂದು ಪೂರ್ತಿ ಹೋಗಿ ಮರದ ಬಣ್ಣ ಕಾಣಬೇಕು. ತೊಳೆದ ಮೇಲೂ ಕಪ್ಪು ಕಲೆ ಉಳಿದರೆ ಆಕ್ಸಾಲಿಕ್ ಆಸಿಡ್ ಹಾಕುತ್ತಾರೆ, ಅದು ತುಕ್ಕಿನ ಕಲೆಯನ್ನು ಚೆನ್ನಾಗಿ ತೆಗೆಯುತ್ತದೆ. ವಿಷ ಅದು. ಕೈಗವಸು, ಕನ್ನಡಕ ಬೇಕು, ಮಕ್ಕಳು, ನಾಯಿ ಆ ದಿನ ಅತ್ತ ಹೋಗಬಾರದು, ಮತ್ತೆ ಧಾರಾಳ ನೀರು ಬಿಟ್ಟು ತೊಳೆಯಬೇಕು.

ಇಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನ ಕೊಡಿ. ಪಾಚಿಗೆ ಅಂತ ನಮ್ಮಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೇ ತಂದು ಹಾಕುವ ರೂಢಿ ಇದೆ. ಅದರ ಮೇಲೆ ಯಾವುದೇ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ. ಉಸಿರು ಕಟ್ಟುತ್ತದೆ, ಶ್ವಾಸಕೋಶಕ್ಕೆ ಪೆಟ್ಟು. ಕೆಲಸಕ್ಕೆ ಬಂದ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಎರಡೂ ಡೆಕ್ ಮೇಲೆ ಸೇರಬಾರದು, ಒಂದೇ ಬಕೆಟ್‌ನಲ್ಲೂ ಸೇರಬಾರದು. ಬ್ಲೀಚಿಂಗ್ ಪೌಡರ್ ಮರದ ನಾರನ್ನೂ ಹಾಳು ಮಾಡುತ್ತದೆ, ಹಾಗಾಗಿ ಅದನ್ನು ತರಲೇ ಬೇಡಿ ಅಂದರೆ ಆಯಿತು. ಬಾವಿ ಹತ್ತಿರ ಇದ್ದರೆ ತೊಳೆದ ನೀರು ಎತ್ತ ಹರಿಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಪಕ್ಕದ ಗಿಡಗಳಿಗೆ ಮುಂಚೆಯೇ ಚೆನ್ನಾಗಿ ನೀರು ಹಾಕಿ ಒದ್ದೆ ಮಾಡಿಡಿ.

ತೊಳೆದ ಮೇಲೆ ಒಣಗಬೇಕು. ಇಲ್ಲಿಯೇ ಕೆಲಸ ಕೆಡುವುದು. ಬೆಳಿಗ್ಗೆ ತೊಳೆದು ಮಧ್ಯಾಹ್ನ ಹೊಡೆದರೆ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ತುಂಬಿರುತ್ತದೆ, ಎಣ್ಣೆಗೆ ಜಾಗ ಇರುವುದಿಲ್ಲ. ಒಳ್ಳೆ ಬಿಸಿಲಿನಲ್ಲೂ ಮೂರು ನಾಲ್ಕು ದಿನ ಬಿಡಬೇಕು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಎರಡು ಸೂಜಿ ಇರುತ್ತದೆ, ಮರಕ್ಕೆ ಚುಚ್ಚಿದರೆ ಸಂಖ್ಯೆ ತೋರಿಸುತ್ತದೆ. ಶೇಕಡಾ 15ರ ಒಳಗೆ ಬಂದರೆ ಹೊಡೆಯಬಹುದು. ನಿಮ್ಮ ಎರಡನೇ ಕಾಂಟ್ರಾಕ್ಟರ್ ಹತ್ತಿರ ಈ ಮೀಟರ್ ಇದೆಯಾ ಕೇಳಿ. ಇದ್ದರೆ ಅವರಿಗೆ ಈ ಕೆಲಸ ಗೊತ್ತು ಅಂತ ಧೈರ್ಯ ಬರುತ್ತದೆ. ಇಲ್ಲದಿದ್ದರೆ ಕೆಲಸ ಗೊತ್ತಿಲ್ಲ ಅಂತೇನೂ ಅಲ್ಲ, ಆಗ ನೀರಿನ ಹನಿ ಹಾಕಿ ನೋಡಬಹುದು. ಒಂದು ಚಮಚ ನೀರು ಹಲಗೆ ಮೇಲೆ ಬಿಡಿ. ಹನಿ ಕೂಡಲೇ ಹರಡಿ, ಒಳಗೆ ಹೋಗಿ, ಮರ ಕಪ್ಪಾದರೆ ಅದು ಎಣ್ಣೆ ಕುಡಿಯಲು ತಯಾರಿದೆ. ಹನಿ ಗುಂಡಗೆ ನಿಂತುಕೊಂಡರೆ ಹಳೆ ಪಾಲಿಶ್ ಇನ್ನೂ ಉಳಿದಿದೆ, ಮತ್ತೆ ಉಜ್ಜಬೇಕು. ಡೆಕ್‌ನ ಬೇರೆ ಬೇರೆ ಕಡೆ ಹೀಗೆ ನೋಡಿ, ಮುಖ್ಯವಾಗಿ ಗೋಡೆ ಬದಿಯ ಹಲಗೆಗಳಲ್ಲಿ. ಅಲ್ಲಿ ಬಿಸಿಲು, ಕಾಲು ತಾಗುವುದು ಎರಡೂ ಕಮ್ಮಿ, ಹಳೆ ಪಾಲಿಶ್ ಗಟ್ಟಿಯಾಗಿ ಕೂತಿರುತ್ತದೆ.

ಒಣಗಿದ ಮೇಲೆ 60 ಅಥವಾ 80 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಒಮ್ಮೆ ಉಜ್ಜಬೇಕು. ಬಾಗಿಲಿನ ರೂಢಿಯಲ್ಲಿ 220, 320 ಹಾಕಿ ಬೆಣ್ಣೆ ಮಾಡಲು ಹೋಗಬಾರದು. ಅಷ್ಟು ನುಣುಪಾದರೆ ಮರದ ರಂಧ್ರ ಮುಚ್ಚಿ ಸ್ಟೇನ್ ಇಳಿಯುವುದಿಲ್ಲ, ಮಳೆಯಲ್ಲಿ ಕಾಲೂ ಜಾರುತ್ತದೆ.

ಹೊಡೆಯುವ ದಿನ ನಿಮಗೊಂದು ಅನುಕೂಲ ಇದೆ. ಡೆಕ್ ಪಶ್ಚಿಮಕ್ಕೆ ಇರುವುದರಿಂದ ಬೆಳಿಗ್ಗೆ ಮನೆಯ ನೆರಳು ಅದರ ಮೇಲೆ ಬೀಳುತ್ತದೆ. ಬಿಸಿ ಹಲಗೆ ಮೇಲೆ ಹೊಡೆದರೆ ಸ್ಟೇನ್ ಒಳಗೆ ಇಳಿಯುವ ಮೊದಲೇ ಒಣಗುತ್ತದೆ, ಬ್ರಷ್ ನಿಲ್ಲಿಸಿದ ಕಡೆಯೆಲ್ಲ ಗಾಢವಾದ ಪಟ್ಟಿ ಉಳಿಯುತ್ತದೆ. ಇಬ್ಬನಿ ಆರಿದ ಮೇಲೆ, ಸುಮಾರು ಒಂಬತ್ತು ಗಂಟೆಗೆ ಶುರು ಮಾಡಿ, ಮಧ್ಯಾಹ್ನದ ಕಡಲಗಾಳಿ ಜೋರಾಗುವ ಮೊದಲು ಮುಗಿಸಬೇಕು. ಎರಡು ಮೂರು ಹಲಗೆ ಹಿಡಿದುಕೊಂಡು ಈ ತುದಿಯಿಂದ ಆ ತುದಿವರೆಗೆ ಒಂದೇ ಸಲ ಹೋಗಬೇಕು, ಅರ್ಧಕ್ಕೆ ನಿಲ್ಲಿಸಿ ಚಾ ಕುಡಿಯಲು ಹೋಗಬಾರದು. ರೋಲರ್‌ನಲ್ಲಿ ಹಾಕಿದರೂ ಹಿಂದೆಯೇ ಒಬ್ಬರು ಬ್ರಷ್‌ನಲ್ಲಿ ಒತ್ತಿ ಎಳೆಯಬೇಕು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮರ ಕುಡಿಯದೆ ಬಿಟ್ಟದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ದಪ್ಪ ಹೊಡೆದರೆ ಜಾಸ್ತಿ ದಿನ ಬರುತ್ತದೆ ಅನ್ನುವುದು ಸುಳ್ಳು. ಉಳಿದ ಎಣ್ಣೆ ಮೇಲೆ ಕೂತು ಅಂಟುತ್ತದೆ, ಧೂಳು ಹಿಡಿಯುತ್ತದೆ. ಹಲಗೆಯ ಕುಯ್ದ ತುದಿಗಳಿಗೆ ಮಾತ್ರ ಎರಡು ಮೂರು ಸಲ ಕುಡಿಸಬೇಕು. ಅದನ್ನು ಯಾರೂ ಕೇಳದೆ ಮಾಡುವುದಿಲ್ಲ, ನೀವು ಕೇಳಿ.

ಒರೆಸಿದ ಬಟ್ಟೆಗಳ ಬಗ್ಗೆ ಒಂದು ಮಾತು. ಎಣ್ಣೆ ಸ್ಟೇನ್‌ನಲ್ಲಿ ಅಗಸೆ ಎಣ್ಣೆ ಥರದ ಒಣಗುವ ಎಣ್ಣೆ ಇರುತ್ತದೆ. ಅದು ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹಿಡಿಯಬಹುದು. ಸಂಜೆ ಕೆಲಸದವರು ಹೊರಡುವ ಮೊದಲು ಆ ಬಟ್ಟೆಗಳನ್ನು ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿದ್ದಾರಾ ಅಂತ ನೀವೇ ನೋಡಿ. ಸೌದೆ ಕೊಟ್ಟಿಗೆ ಬದಿಯಲ್ಲಂತೂ ಇಡಲೇಬಾರದು.

ಬಣ್ಣದ ಆಯ್ಕೆ ಬೇಗ ಹೇಳಿ ಮುಗಿಸುತ್ತೇನೆ. ಪೂರ್ತಿ ಪಾರದರ್ಶಕ ಬೇಡ, ಬಿಸಿಲನ್ನು ತಡೆಯುವುದು ಬಣ್ಣದ ಕಣಗಳೇ, ಅವಿಲ್ಲದಿದ್ದರೆ ಮರ ಬೇಗ ಬೂದಾಗುತ್ತದೆ. ಪೂರ್ತಿ ಗಾಢವಾದದ್ದೂ ಬೇಡ, ಅದು ಪೈಂಟಿನ ಹಾಗೆ ಪದರ ಕಟ್ಟುತ್ತದೆ. ನಡುವಿನದ್ದು, ನಾರು ಕಾಣುವಷ್ಟು ತಿಳಿಯಾದ ಕಂದು ಒಳ್ಳೆಯದು. ಕಡುಕಪ್ಪು ಕಂದು ಹಾಕಿದರೆ ಏಪ್ರಿಲ್ ಸಂಜೆ ಬರಿಗಾಲು ಇಡಲಿಕ್ಕೆ ಆಗುವುದಿಲ್ಲ. ಅಂಗಡಿಯ ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ನಿಮ್ಮದೇ ಹಲಗೆ ಮೇಲೆ, ಉಜ್ಜಿ ಒಣಗಿಸಿದ ನಂತರ, ಒಂದು ಮೂಲೆಯಲ್ಲಿ ಎರಡು ಅಡಿ ಹೊಡೆಸಿ ಮರುದಿನ ನೋಡಿ. ಏಷಿಯನ್ ಪೈಂಟ್ಸ್‌ನವರ ವುಡ್‌ಟೆಕ್ ಆಗಲಿ, ಬೇರೆ ಯಾವುದೇ ಕಂಪನಿಯದ್ದಾಗಲಿ, ಒಂದೇ ಹೆಸರಿನಲ್ಲಿ ಒಳಾಂಗಣದ್ದೂ ಹೊರಾಂಗಣದ್ದೂ ಇರುತ್ತದೆ, ಪಿಯು ಕೂಡ ಇರುತ್ತದೆ. ಹಾಗಾಗಿ ಬ್ರಾಂಡ್ ಹೆಸರು ಹೇಳಿದರೆ ಸಾಲದು, ಡಬ್ಬಿಯ ಪೂರ್ತಿ ಹೆಸರು ಬೇಕು.

ಕರಿ ಎಣ್ಣೆ ಬಳಿಯಿರಿ, ಗೆದ್ದಲು ಬರುವುದಿಲ್ಲ, ಖರ್ಚೂ ಇಲ್ಲ ಅಂತ ಹೇಳುವವರು ಇದ್ದಾರೆ. ಗ್ಯಾರೇಜಿನ ಹಳೆ ಇಂಜಿನ್ ಆಯಿಲ್ ಅದು, ಕಾಲಿಗೆ ಬಟ್ಟೆಗೆ ಹಿಡಿಯುತ್ತದೆ, ಮಳೆಗೆ ತೊಳೆದು ಬಾವಿಯ ಕಡೆಗೆ ಹೋಗುತ್ತದೆ, ಆಮೇಲೆ ಅದರ ಮೇಲೆ ಯಾವ ಸ್ಟೇನೂ ಹಿಡಿಯುವುದಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯ ವಿಷಯ ಬೇರೆ. ದೋಣಿಗೆ, ಮಾಡಿನ ಮರಕ್ಕೆ ಹಚ್ಚುತ್ತಾ ಬಂದದ್ದು, ಹುಳ ಹತ್ತಿರ ಬರುವುದಿಲ್ಲ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆದರೆ ಅದು ಚರ್ಮ ಸುಡುತ್ತದೆ, ಕಪ್ಪಗೆ ಅಂಟಿಕೊಂಡಿರುತ್ತದೆ. ಮಕ್ಕಳು ಕೂತು ಆಡುವ ನೆಲಕ್ಕೆ ಬೇಡ.

ಈಗ ಕಾಂಟ್ರಾಕ್ಟರ್ ಜೊತೆ ವ್ಯವಹಾರ. ಎರಡನೆಯವರಿಗೆ ಫೋನ್ ಮಾಡಿ, ಒಂದು ಮಳೆಗಾಲ ಕಳೆದಿರುವ ಹಳೆ ಕೆಲಸ ತೋರಿಸಿ ಅಂತ ಕೇಳಿ. ಮೊಬೈಲ್ ಫೋಟೋ ಬೇಡ, ಹೊಡೆದ ದಿನ ಎಲ್ಲರ ಕೆಲಸವೂ ಚಂದವೇ. ಮಲ್ಪೆಯೋ ಪಡುಬಿದ್ರಿಯೋ ಸುರತ್ಕಲ್ಲೋ, ಸಮುದ್ರದ ಬದಿಯದ್ದೇ ಆದರೆ ಒಳ್ಳೆಯದು. ಹೋಗಿ ಮೆಟ್ಟಿಲಿನ ಅಂಚು, ಹಲಗೆ ತುದಿ ನೋಡಿ. ಬಣ್ಣ ಮಾಸಿದ್ದರೆ ಚಿಂತೆ ಇಲ್ಲ, ಪದರ ಎದ್ದಿದ್ದರೆ ಅವರು ಹೇಳುವುದೊಂದು, ಮಾಡುವುದು ಇನ್ನೊಂದು. ಆ ಮನೆಯವರ ಹತ್ತಿರ ಎರಡು ಮಾತು ಕೇಳಿ, ಹೇಳಿದ ದಿನಕ್ಕೆ ಬಂದರಾ, ಆಮೇಲೆ ಫೋನ್ ತೆಗೆಯುತ್ತಾರಾ ಅಂತ. ನಿಮ್ಮಲ್ಲಿಗೆ ಕೆಲಸಕ್ಕೆ ಬರುವುದು ಅವರದ್ದೇ ಜನವಾ, ಬೇರೆ ಯಾರಿಗಾದರೂ ವಹಿಸಿ ಕೊಡುತ್ತಾರಾ ಅದನ್ನೂ ಕೇಳಿ. ವಹಿಸಿ ಕೊಟ್ಟರೆ ನಿಮ್ಮ ಜೊತೆ ಮಾತಾಡಿದವರು ಒಬ್ಬರು, ಬ್ರಷ್ ಹಿಡಿಯುವವರು ಇನ್ನೊಬ್ಬರು. ಒಣಗಲು ಬಿಡುವ ದಿನಗಳ ಒಪ್ಪಂದ ಆ ನಡುವೆ ಕಳೆದುಹೋಗುತ್ತದೆ.

115 ರೂಪಾಯಿ ಯಾವುದಕ್ಕೆಲ್ಲ ಅಂತ ಬಿಡಿಸಿ ಕೇಳಿ. ರೇಲಿಂಗ್ ಸೇರಿದೆಯಾ, ಮೆಟ್ಟಿಲು ಸೇರಿದೆಯಾ, ಅದನ್ನು ಚದರ ಅಡಿಯಲ್ಲಿ ಅಳೆಯುತ್ತಾರಾ ಉದ್ದದ ಅಡಿಯಲ್ಲಾ? ಅಳತೆಯನ್ನು ಇಬ್ಬರೂ ಸೇರಿ ಕೆಲಸಕ್ಕೆ ಮೊದಲೇ ತೆಗೆಯಿರಿ. ಕೊನೆಯಲ್ಲಿ ಟೇಪ್ ಹಿಡಿದರೆ ಮನಸ್ತಾಪ ಗ್ಯಾರಂಟಿ. ಸ್ಟೇನ್ ಡಬ್ಬಿಯನ್ನು ನೀವೇ ಕೊಂಡು ತರುವುದು ನನಗೆ ಇಷ್ಟ. ಒಂದು ಲೀಟರಿಗೆ ಎಷ್ಟು ಚದರ ಅಡಿ ಅಂತ ಡಬ್ಬಿ ಮೇಲೆಯೇ ಬರೆದಿರುತ್ತದೆ, 320ನ್ನು ಅದರಿಂದ ಭಾಗಿಸಿ, ಕೋಟ್ ಎಷ್ಟೋ ಅದರಿಂದ ಗುಣಿಸಿ. ಬಾಯಾರಿದ ಹಳೆ ಮರ ಹೇಳಿದ್ದಕ್ಕಿಂತ ಜಾಸ್ತಿ ಕುಡಿಯುತ್ತದೆ, ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಅವರೇ ತರುವುದಾದರೆ ಸೀಲ್ ಒಡೆಯದ ಡಬ್ಬಿ ನಿಮ್ಮ ಎದುರೇ ತೆರೆಯಲಿ, ಟರ್ಪೆಂಟೈನ್ ಸುರಿದು ತೆಳು ಮಾಡುವುದು ಬೇಡ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಸ್ಟ್ಯಾಂಪ್ ಪೇಪರ್ ಎಲ್ಲ ಬೇಡ, ಇಬ್ಬರ ಸಹಿ ಸಾಕು, ಫೋಟೋ ತೆಗೆದು ವಾಟ್ಸಪ್‌ನಲ್ಲಿ ಕಳಿಸಿ. ಹಳೆ ಪಾಲಿಶ್ ಪೂರ್ತಿ ತೆಗೆಯುವುದು, ತೊಳೆದ ನಂತರ ಎಷ್ಟು ದಿನ ಬಿಡುವುದು, ಯಾವ ಡಬ್ಬಿ, ಎಷ್ಟು ಕೋಟ್, ಮಳೆ ಬಂದರೆ ಏನು, ಒಟ್ಟು ಎಷ್ಟು. ಜಿಎಸ್‌ಟಿ ಸೇರಿ ಹೇಳಿದ್ದಾ ಅಂತಲೂ ಬರೆಸಿ. ವರ್ಷಕ್ಕೆ 20 ಲಕ್ಷದ ಒಳಗೆ ವ್ಯವಹಾರ ಇರುವ ಸಣ್ಣ ಕಾಂಟ್ರಾಕ್ಟರ್ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಆದರೆ ನೋಂದಣಿ ಇಲ್ಲದವರು ಆ ಹೆಸರಿನಲ್ಲಿ ದುಡ್ಡು ತೆಗೆದುಕೊಳ್ಳುವಂತೆಯೂ ಇಲ್ಲ. ತೆಗೆದುಕೊಂಡರೆ ನಂಬರ್ ಇರುವ ಬಿಲ್ ಕೊಡಬೇಕು.

ಅಡ್ವಾನ್ಸ್ ಕೇಳಿದ್ದೀರಿ. ಡಬ್ಬಿ ನೀವೇ ತಂದರೆ ಐದನೇ ಒಂದು ಭಾಗದಷ್ಟು ಕೊಡಿ, ಅವರು ತರುವುದಾದರೆ ಮೂರನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಬೇಡ. ಇನ್ನೊಂದು ಕಂತು ಉಜ್ಜಿ, ತೊಳೆದು, ಒಣಗಿಸಿ, ನೀವು ಹನಿ ಹಾಕಿ ನೋಡಿದ ಮೇಲೆ. ಈ ನಡುವಿನ ಕಂತು ಬಹಳ ಮುಖ್ಯ. ಸ್ಟೇನ್ ಬಿದ್ದ ಮೇಲೆ ಅಡಿಯ ಕೆಲಸ ಯಾರಿಗೂ ಕಾಣುವುದಿಲ್ಲ, ಅದನ್ನು ನೋಡಲು ನಿಮಗೆ ಸಿಗುವುದು ಆ ಒಂದು ದಿನ ಮಾತ್ರ. ಉಳಿದದ್ದು ಮುಗಿದು ಒಂದು ವಾರದ ನಂತರ, ಕೈ ಸವರಿದರೆ ಅಂಟದೆ ಇದ್ದಾಗ. ಒಳ್ಳೆ ಕೆಲಸಗಾರರು ಇದಕ್ಕೆ ಬೇಡ ಅನ್ನುವುದಿಲ್ಲ. ಹಾಗೆಯೇ ನೀವೂ ಹೇಳಿದ ದಿನಕ್ಕೆ ಹೇಳಿದ್ದನ್ನು ಕೊಟ್ಟುಬಿಡಿ. ಅವರೂ ಮನೆಗೆ ಹೋಗಿ ಕೂಲಿ ಹಂಚಬೇಕು.

ಐದು ವರ್ಷದ ಗ್ಯಾರಂಟಿ ಮಾತಿಗೆ ಬೆಲೆ ಕೊಡಬೇಡಿ. ಕಡಲ ಬದಿಯಲ್ಲಿ, ತೆರೆದ ಡೆಕ್ ಮೇಲೆ, ಐದು ಮಳೆಗಾಲ ಏನೂ ಮಾಡದೆ ನಿಲ್ಲುವ ಸ್ಟೇನ್ ನಾನು ನೋಡಿಲ್ಲ. ಅದರ ಬದಲು ಎರಡನೆಯವರ ಹತ್ತಿರ ಒಂದು ಸಣ್ಣ ಮಾತು ಪಡೆಯಿರಿ, ಮುಂದಿನ ಮಳೆಗಾಲ ಮುಗಿದ ಮೇಲೆ ಬಂದು ನೋಡಿ, ತೊಳೆದು, ಬೇಕಾದ ಕಡೆ ಒಂದು ಕೈ ಹೊಡೆಯುವುದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ. ಅದನ್ನು ಈಗಲೇ ಹಾಳೆಯಲ್ಲಿ ಬರೆಸಿ. ದುಡ್ಡು ತೆಗೆದುಕೊಂಡು ಕೆಲಸ ಅರ್ಧಕ್ಕೆ ಬಿಟ್ಟರೆ, ಬರೆದ ಹಾಳೆ ಮತ್ತು ಪಾವತಿ ದಾಖಲೆ ಇದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಹಾಗಾಗಿ ಪಾವತಿಯನ್ನು ಯುಪಿಐನಲ್ಲೋ ಬ್ಯಾಂಕಿನಲ್ಲೋ ಮಾಡಿ.

ಯಾವಾಗ ಮಾಡಿಸುವುದು? ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಮಳೆ ಇರುತ್ತದೆ, ಮರವೂ ಮಳೆಗಾಲದ ನೀರು ಕುಡಿದೇ ಇರುತ್ತದೆ. ಅವಸರ ಮಾಡಬೇಡಿ. ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ ನಮ್ಮ ಕಡೆ ಗಾಳಿಯಲ್ಲಿ ತೇವ ಕಮ್ಮಿ, ಆಗ ಮಾಡಿಸಿ. ಮೇ ಕೊನೆಯ ಪತ್ತನಾಜೆ ಹತ್ತಿರ ಬಂದಾಗ, ಮಳೆ ಬರುವ ಮೊದಲು ಮುಗಿಸಿಬಿಡುವ ಅಂತ ಎಲ್ಲರೂ ಪೈಂಟರ್ ಹಿಂದೆ ಬೀಳುತ್ತಾರೆ. ಆಗ ಅವರಿಗೆ ಪುರುಸೊತ್ತು ಇರುವುದಿಲ್ಲ, ಸೆಕೆ, ಬೆವರು, ಮಳೆ ಮೋಡ, ಒಣಗಲು ಬಿಡುವ ನಾಲ್ಕು ದಿನ ಮೊದಲು ಕಳೆದುಹೋಗುವುದೇ ಆಗ. ಒಳ್ಳೆಯವರು ಡಿಸೆಂಬರ್‌ನಲ್ಲೂ ಗೃಹಪ್ರವೇಶ, ಮದುವೆ ಮನೆ ಕೆಲಸಗಳಲ್ಲಿ ಇರುತ್ತಾರೆ, ಆದ್ದರಿಂದ ದೀಪಾವಳಿ ಒಳಗೆ ತಾರೀಕು ಹಿಡಿದಿಡಿ. ಅಷ್ಟರವರೆಗೆ ಡೆಕ್ ಮೇಲಿನ ಎಲೆ ಗುಡಿಸಿ, ಹಲಗೆ ಸಂದಿನ ಕಸ ತೆಗೆದು, ಹೂಕುಂಡಗಳನ್ನು ಕೆಳಗೆ ಇಳಿಸಿ, ವಾರಕ್ಕೊಮ್ಮೆ ಸಿಹಿನೀರು ಬಿಟ್ಟು ಉಪ್ಪು ತೊಳೆಯಿರಿ. ಕೆಲಸ ಮುಗಿದ ಮೇಲೆ ಕುರ್ಚಿ ಮೇಜು ಇಡಲು ಎರಡು ಮೂರು ದಿನ ಬಿಡಿ. ಚಾಪೆ, ರಬ್ಬರ್ ಮ್ಯಾಟ್ ಹಾಸುವುದಿದ್ದರೆ ಎರಡು ವಾರ ಕಳೆಯಲಿ, ಕುಂಡಗಳ ಅಡಿಗೆ ಗಾಳಿ ಆಡುವ ಹಾಗೆ ಕಾಲಿರುವ ತಟ್ಟೆ ಇಡಿ.